ಚಳಿಯೂರಿನ ಈಜುಕೊಳ, ಅಕ್ಕನ ಹಂಡೆ

ಹಿಂದೆ ನಿಂತವರು ಒಳಗೆ ಬನ್ನಿ. ಬಾಗಿಲು ಎಳೆದುಕೊಳ್ಳಿ, ಗಾಳಿ ನುಗ್ಗುತ್ತಿದೆ. ಈ ಬೆಟ್ಟದ ಮಠದಲ್ಲಿ ಕಾರ್ತಿಕ ಬಂತೆಂದರೆ ನನ್ನ ಮಂಡಿಗಳು ನನ್ನ ಮಾತು ಕೇಳುವುದಿಲ್ಲ. ನೀವಾದರೂ ಕೇಳುತ್ತೀರಾ? ಅದೂ ಇಲ್ಲ. ಹುಣ್ಣಿಮೆ ಹುಣ್ಣಿಮೆಗೂ ಬರುತ್ತೀರಿ, ತಲೆ ಆಡಿಸುತ್ತೀರಿ, ಪ್ರಸಾದಕ್ಕೆ ಏಳುತ್ತೀರಿ. ಈಗಲೂ ಆ ಕಂಬದ ಪಕ್ಕ ಕೂತವರ ಮೂಗು ದಾಸೋಹದ ಕಡೆಗೇ ತಿರುಗಿದೆ. ಹುಳಿಗೆ ಒಗ್ಗರಣೆ ಬಿದ್ದದ್ದು ನನಗೂ ಗೊತ್ತಾಯಿತು ಬಿಡಿ. ಸ್ವಲ್ಪ ತಾಳಿ.

ಆಸೆ ಬಿಡಿ, ಆಸೆ ಬಿಡಿ ಎಂದು ಹೇಳಿ ಹೇಳಿ ನನಗೇ ಸಾಕಾಗಿದೆ. ಯಾರು ಬಿಟ್ಟಿರಿ? ಕೈ ಎತ್ತಿ ನೋಡೋಣ. ಯಾರೂ ಇಲ್ಲ. ಹಾಗಾಗಿ ಇವತ್ತು ಬಿಡಿ ಎಂದು ಹೇಳುವುದಿಲ್ಲ. ನೀವು ಪಡುವ ಆಸೆಗೆ ನಿಮ್ಮ ಮನೆಯಲ್ಲಿ ಬೆಲೆ ತೆರುವವರು ಯಾರು, ಅದೊಂದನ್ನು ಮಾತ್ರ ಕೇಳುತ್ತೇನೆ. ಅದಕ್ಕೊಂದು ಕಥೆ ಇದೆ, ದೊಡ್ಡದೇನಲ್ಲ.

ಚಳಿಗೆ ಹೆಸರಾದ ಊರೊಂದು. ನಮ್ಮ ಬೆಟ್ಟದ ಚಳಿ ಏನೂ ಅಲ್ಲ, ಅಲ್ಲಿ ಪುಷ್ಯ ಮಾಸದಲ್ಲಿ ಹುಲ್ಲಿನ ಮೇಲೆ ಬಿದ್ದ ಇಬ್ಬನಿ ಉಪ್ಪಿನ ಹರಳಿನ ಹಾಗೆ ಗಟ್ಟಿಯಾಗಿಬಿಡುತ್ತದೆ. ಆ ಊರಲ್ಲಿ ಒಬ್ಬ ಸಾಹುಕಾರ. ಗುಡ್ಡದ ಇಳಿಜಾರಿನಲ್ಲಿ ಅವನ ಮನೆ. ದೊಡ್ಡ ಮನೆಯೇ. ಆ ಮನೆಯಲ್ಲಿ ಅವನು, ಅವನ ಹೆಂಡತಿ, ಒಬ್ಬಳು ಮಗಳು. ಮತ್ತೆ ಅವನ ಅಕ್ಕ.

ಈ ಅಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಆಸ್ತಿ ಕೇಳಲಿಲ್ಲ, ಒಡವೆ ಕೇಳಲಿಲ್ಲ. ಅವಳದ್ದು ಅಂತ ಆ ಮನೆಯಲ್ಲಿ ಇದ್ದದ್ದು ಒಂದೇ. ಏನು? ಹಿತ್ತಲಿನ ಬಚ್ಚಲುಮನೆ. ಕಲ್ಲಿನ ಗೋಡೆ, ಒಳಗೆ ಮಣ್ಣಿನ ಒಲೆ, ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ. ಊರು ಏಳುವ ಮೊದಲು ಅವಳು ಎದ್ದು ಒಲೆ ಹಚ್ಚುತ್ತಿದ್ದಳು. ಮನೆಯವರಿಗೆಲ್ಲ ಬಿಸಿನೀರು. ಮನೆಯವರಿಗೆ ಮಾತ್ರವೇ? ಅಲ್ಲ. ಹಾಲು ಹಾಕುವವಳಿಗೆ, ಟಪಾಲಿನವನಿಗೆ, ಬೆಳಗಿನ ಬಸ್ಸಿಗೆ ಬಂದು ಚಳಿಯಲ್ಲಿ ನಡುಗುವ ಯಾರಿಗಾದರೂ ಸರಿ, ಹಿತ್ತಲ ಬಾಗಿಲಿನಿಂದ ಕೂಗುತ್ತಿದ್ದಳು.

“ಬಾರಪ್ಪ, ಕಾಲ್ಗೊಂದ್ ಚೆಂಬು ಬಿಸ್ನೀರು ಹುಯ್ಕೊಂಡ್ ಹೋಗು. ಹಂಡೇಲಿ ಬೇಕಾದಷ್ಟದೆ.”

ಜಾತಿ ಕೇಳುತ್ತಿರಲಿಲ್ಲ, ಊರು ಕೇಳುತ್ತಿರಲಿಲ್ಲ. ಚಳಿಯಾಗುತ್ತಿದೆಯೋ ಇಲ್ಲವೋ, ಅಷ್ಟೇ. ಆ ಹೊಗೆ, ಆ ಬೆಂಕಿ, ಬಂದು ಹೋಗುವವರ ನಾಲ್ಕು ಮಾತು, ಅದೇ ಅವಳ ಬದುಕು. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಸಾಹುಕಾರ ಮಗಳ ಮದುವೆ ಮಾಡಿದ. ಬೀಗರದ್ದು ಬಿಸಿಲೂರು. ರಸ್ತೆಯ ಟಾರು ಕರಗಿ ಚಪ್ಪಲಿಗೆ ಅಂಟುವಂಥ ಊರು. ಬೀಗರ ಮನೆಯ ಹಿಂದೆ ಒಂದು ಈಜುಕೊಳ. ನೆಲದಲ್ಲಿ ತೋಡಿ, ನೀಲಿ ಟೈಲ್ಸ್ ಹಾಕಿ, ನೀರು ತುಂಬಿಸಿದ್ದು. ಆ ಬಿಸಿಲಿಗೆ ಅದು ಸರಿಯಾಗೇ ಇತ್ತು ನೋಡಿ, ತಪ್ಪೇನಿಲ್ಲ. ಸಾಹುಕಾರ ಅದರಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಾಗ ಬೀಗರು ಬಾಯಿತಪ್ಪಿ ಒಂದು ಮಾತು ಆಡಿದರು.

“ಚೆನ್ನಾಗಿ ಕೂತ್ಕೊಳಿ ಬೀಗ್ರೇ. ನಿಮ್ಮೂರಲ್ಲಿ ಇದೆಲ್ಲ ಎಲ್ಲಿ ಬರ್ಬೇಕು!”

ಮುಗಿಯಿತು. ಆ ಮಾತು ಸಾಹುಕಾರನ ಹೊಟ್ಟೆಯಲ್ಲಿ ಕೂತುಬಿಟ್ಟಿತು. ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ನಮ್ಮ ಜನ ನೋಡಿ, ಶತ್ರು ಹೊಡೆದರೆ ತಡೆದುಕೊಳ್ಳುತ್ತಾರೆ, ಬೀಗರು ನಕ್ಕರೆ ತಡೆದುಕೊಳ್ಳುವುದಿಲ್ಲ. ಯಾಕೆ ನಗುತ್ತೀರಿ? ನಿಮ್ಮ ಕಥೆಯೇ ತಾನೆ?

ಮೊದಲ ದೀಪಾವಳಿಗೆ ಅಳಿಯನನ್ನು ಕರೆಯಬೇಕು, ಎಣ್ಣೆ ನೀರು ಎರೆಯಬೇಕು. ಅದು ಪದ್ಧತಿ. ಸಾಹುಕಾರ ಅಲ್ಲೇ ನಿಶ್ಚಯ ಮಾಡಿದ. ಈ ಸಲ ಅಳಿಯನ ಎಣ್ಣೆ ನೀರು ಹಂಡೆಯಿಂದಲ್ಲ. ಬೀಗರ ಬಳಗವನ್ನೆಲ್ಲ ಕರೆಸಿ, ಅವರದ್ದಕ್ಕಿಂತ ಒಂದು ಕೈ ದೊಡ್ಡದಾದ ಕೊಳದಲ್ಲಿ, ಅದೂ ಬಿಸಿನೀರಿನ ಕೊಳದಲ್ಲಿ ಇಳಿಸುತ್ತೇನೆ. ಆಗ ಹೇಳಲಿ ನಮ್ಮೂರಲ್ಲಿ ಏನಿಲ್ಲ ಎಂದು.

ಕಂಟ್ರಾಕ್ಟರು ಬಂದ. ಜಾಗ ನೋಡಿದ. ಅವನೇನು ಮಹಾತ್ಮನಲ್ಲ, ಆದರೂ ಒಂದು ಸಲ ಹೇಳಿದ.

“ಕಟ್ಟೋದು ಒಂದೇ ಸಲ ಸಾರ್. ಕಾಯ್ಸೋದು ದಿನಾ. ಈ ಥಂಡೀಲಿ ಮೇಲೆ ಸೂರಿಲ್ದೆ ಅಷ್ಟು ನೀರು ಕಾಯ್ಸೋದು ಅಂದ್ರೆ ಆಕಾಶಕ್ಕೇ ಒಲೆ ಹಚ್ದಂಗೆ.”

“ನಿಂಗೆ ಕೆಲ್ಸ ಬೇಕೋ ಬೇಡ್ವೋ?”

“ಬೇಕು ಸಾರ್.”

“ಹಂಗಾದ್ರೆ ಅಗಿ.”

ಎಲ್ಲಿ ಅಗಿಯುವುದು? ಇಳಿಜಾರಿನ ಮನೆಯಲ್ಲಿ ಮಟ್ಟಸವಾದ ನೆಲ ಇದ್ದದ್ದು ಒಂದೇ ಕಡೆ. ಅಕ್ಕನ ಬಚ್ಚಲುಮನೆ ಇದ್ದ ಕಡೆ.

ಅಕ್ಕ ಬಾಗಿಲಲ್ಲಿ ನಿಂತು ಕೇಳಿದಳು. “ಅಲ್ಲ ಮಗ, ನೀರೆಲ್ಲಿ ಕಾಯಿಸ್ಲಿ ನಾನು?”

“ಗೀಸರ್ ಹಾಕಿಸ್ತಾ ಇದೀನಲ್ಲಕ್ಕ. ಗುಂಡಿ ಒತ್ತಿದ್ರೆ ಬಿಸ್ನೀರು. ಇನ್ನು ಹೊಗೆ ಕುಡೀಬೇಕಾಗಿಲ್ಲ ನೀನು.”

ಪ್ರೀತಿಯಿಂದಲೇ ಹೇಳಿದ, ಸುಳ್ಳಲ್ಲ. ನೀವೂ ಪ್ರೀತಿಯಿಂದಲೇ ಹೇಳುತ್ತೀರಿ. ಆದರೆ ಅವಳು ಏನು ಕೇಳಿದಳು, ಅವನು ಏನು ಹೇಳಿದ? ನಾನೆಲ್ಲಿ ಇರಲಿ ಎಂದು ಅವಳು ಕೇಳಿದಳು. ನೀರು ಎಲ್ಲಿಂದ ಬರುತ್ತದೆ ಎಂದು ಅವನು ಹೇಳಿದ. ಒಂದೇ ಮನೆಯಲ್ಲಿದ್ದುಕೊಂಡು ಒಬ್ಬರ ಮಾತು ಒಬ್ಬರಿಗೆ ತಲುಪದೆ ಇರುವುದು ಹೀಗೆ.

ಬಚ್ಚಲುಮನೆ ಕೆಡವಿದರು. ಅಗೆದರು. ಅಗೆದಲ್ಲೆಲ್ಲ ಜಲ ಒಡೆಯಿತು, ಬೆಟ್ಟದ ನೆಲ ತಾನೆ? ಅದನ್ನು ಹೊರಗೆ ಹರಿಸುವುದಕ್ಕೆ ಸುತ್ತ ಪೈಪು. ಚಳಿಗೆ ಗೋಡೆ ಬಿರುಕು ಬಿಡಬಾರದೆಂದು ಒಂದಕ್ಕೆ ಎರಡು ಗೋಡೆ, ನಡುವೆ ಬಿಸಿ ಹಿಡಿದಿಡುವ ಹಲಗೆ. ನೀರು ಸೋಸುವ ಯಂತ್ರ, ಕಾಯಿಸುವ ಯಂತ್ರ, ಎರಡಕ್ಕೂ ಒಂದು ಮನೆ. ಕಾಯಿಸಿದ್ದು ಆರದ ಹಾಗೆ ಮೇಲೆ ಹೊದಿಸಲು ದಪ್ಪ ಹೊದಿಕೆ. ಹೌದು ಸ್ವಾಮಿ, ಮನೆಯಲ್ಲಿ ಅಕ್ಕನ ಕಂಬಳಿ ಹರಿದಿತ್ತು, ಕೊಳಕ್ಕೆ ಹೊಸ ಹೊದಿಕೆ ಬಂತು. ದುಡ್ಡೆಷ್ಟಾಯಿತು ಎಂದು ಕೇಳಬೇಡಿ, ನನಗೆ ಆ ಲೆಕ್ಕ ಬರುವುದಿಲ್ಲ. ನಾನು ಹೇಳುತ್ತಿರುವುದು ಬೇರೆ ಖರ್ಚು.

ಹಂಡೆ ಏನಾಯಿತು? ಕೇಳಿ. ಸಾಹುಕಾರನ ಹೆಂಡತಿ ಅದರ ಮಸಿಯನ್ನೆಲ್ಲ ತಿಕ್ಕಿಸಿ, ಪಾಲಿಶ್ ಹಾಕಿಸಿ, ನಡುಮನೆಯಲ್ಲಿ ಸೋಫಾ ಪಕ್ಕ ಇಟ್ಟಳು. ಒಳಗೆ ಪ್ಲಾಸ್ಟಿಕ್ ಹೂವು ಸಿಕ್ಕಿಸಿದಳು. ಬಂದವರೆಲ್ಲ “ಆಹಾ, ಎಷ್ಟ್ ಚೆನ್ನಾಗಿದೆ!” ಎಂದರು. ಊರಿಗೆ ನೀರು ಕಾಯಿಸಿದ ಹಂಡೆ ಹೂದಾನಿಯಾಯಿತು. ಅಕ್ಕ ದಿನಾ ಅದರ ಮುಂದೆ ಓಡಾಡಬೇಕು.

ಗೀಸರ್ ಇತ್ತು. ಮಹಡಿಯ ಮೇಲೆ, ಜಾರುವ ನೆಲದ ಬಚ್ಚಲಲ್ಲಿ. ಅವಳು ಹೆದರಿ ಗೋಡೆ ಹಿಡಿದುಕೊಂಡು ಸ್ನಾನ ಮಾಡುತ್ತಿದ್ದಳು. ಕರೆಂಟ್ ಇಲ್ಲದ ದಿನ ಅದೂ ಇಲ್ಲ. ಆದರೆ ಅವಳ ಸಂಕಟ ಅದಲ್ಲ. ಬೆಳಿಗ್ಗೆ ಎದ್ದರೆ ಮಾಡಲು ಕೆಲಸವಿಲ್ಲ. ಹಾಲಿನವಳು ಮುಂಬಾಗಿಲಲ್ಲಿ ಹಾಲಿಟ್ಟು ಹೋಗುತ್ತಾಳೆ, ಟಪಾಲಿನವನು ಗೇಟಿನ ಡಬ್ಬಿಗೆ ಕಾಗದ ಹಾಕಿ ಹೋಗುತ್ತಾನೆ. ಅಕ್ಕಾ ಎಂದು ಕೂಗುವವರಿಲ್ಲ. ಒಂದು ದಿನ ಅವಳು ತಮ್ಮನ ಹತ್ತಿರ ಬಂದಳು.

“ಮೂಲೇಲಿ ಮೂರ್ ಕಲ್ಲಿಟ್ಕೊಂಡು ಒಂದ್ ಒಲೆ ಹಾಕ್ಕೊತೀನಿ ಕಣೊ. ಹಂಡೆ ಕೂರುವಷ್ಟು ಜಾಗ ಸಾಕು.”

“ಮಸಿ ಹಾರಿ ನೀರಿಗೆ ಬೀಳ್ತದೆ ಅಕ್ಕ. ನೀಲಿ ಟೈಲ್ಸು. ಬೀಗ್ರು ಬರೋ ಹೊತ್ತಲ್ಲಿ ಹಠ ಮಾಡ್ಬೇಡ.”

ಹಠವಂತೆ! ಒಂದು ಒಲೆ ಕೇಳಿದ್ದು ಹಠ. ಅಷ್ಟು ದೊಡ್ಡ ಹಳ್ಳ ತೋಡಿದ್ದು ಹಠವಲ್ಲ.

ಅಕ್ಕ ಕೂಗಾಡಲಿಲ್ಲ. “ಹಂಗಾದ್ರೆ ಹಂಡೆ ಕೊಟ್ಬಿಡು ಮಗ. ಕೆಳಗೆ ಹಾಲ್ನೋಳ ಹಿತ್ಲಲ್ಲಿ ಜಾಗ ಅದೆ ಅಂದವ್ಳೆ. ನಾನ್ ಅಲ್ಲೇ ಇರ್ತೀನಿ” ಎಂದಳು. ಎರಡು ದಿನದಲ್ಲಿ ಸಿಟ್ಟಿಳಿದು ಬರುತ್ತಾಳೆ ಎಂದುಕೊಂಡ ಅವನು, ಆಯಿತು ಎಂದ. ಅವಳು ನಡುಮನೆಗೆ ಹೋಗಿ ಹಂಡೆಯಿಂದ ಪ್ಲಾಸ್ಟಿಕ್ ಹೂವುಗಳನ್ನು ತೆಗೆದು, ಹಾಳಾಗದ ಹಾಗೆ ಸೋಫಾದ ಮೇಲೆ ಜೋಡಿಸಿಟ್ಟಳು. ಹಾಲಿನವಳ ಗಂಡ ಬಂದು ಹಂಡೆ ಹೆಗಲಿಗೇರಿಸಿಕೊಂಡು ಹೋದ. ಹಿಂದೆ ಅಕ್ಕ, ಒಂದು ಬಟ್ಟೆಗಂಟು ಹಿಡಿದುಕೊಂಡು.

ಆ ಮನೆಯಲ್ಲಿ ಯಾರಾದರೂ ತಡೆದರೇ? ತಡೆಯಲಿಲ್ಲ. ಆವತ್ತು ಟೈಲ್ಸ್ ಒರೆಸುವವರು ಬಂದಿದ್ದರು, ಎಲ್ಲರಿಗೂ ಕೆಲಸ ಇತ್ತು.

ದೀಪಾವಳಿ ಬಂತು. ನೀರು ತುಂಬುವ ಹಬ್ಬದ ಸಂಜೆ ನಾವೆಲ್ಲ ಏನು ಮಾಡುತ್ತೇವೆ? ಹಂಡೆ ಬೆಳಗಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆ ಬಳ್ಳಿ ಕಟ್ಟಿ, ಗಂಗೆಯೇ ಬಂದಳೆಂದು ನೀರು ತುಂಬುತ್ತೇವೆ. ಸಾಹುಕಾರ ಪದ್ಧತಿ ಬಿಡುವವನಲ್ಲ ನೋಡಿ. ಕೊಳದ ಸುತ್ತ ಸುಣ್ಣ ಕೆಮ್ಮಣ್ಣು ಬಳಿಸಿದ. ಅಷ್ಟುದ್ದಕ್ಕೂ ಹಿಂಡಲೆ ಬಳ್ಳಿ ಕಟ್ಟಿಸಿದ. ಬೀಗರ ಬಳಗ ಬಂತು, ವ್ಯಾನು ತುಂಬ. ಸ್ವೆಟರು, ಮಫ್ಲರು, ಕಿವಿಗೆ ಹತ್ತಿ. ಅವರಿಗೆ ತೋರಿಸಬೇಡವೇ? ವಾರದಿಂದ ಕಾಯಿಸಿ ಮುಚ್ಚಿಟ್ಟಿದ್ದ ಕೊಳದ ಹೊದಿಕೆ ತೆಗೆಸಿ, ನೀರಿನ ಮೇಲೆ ದೀಪ ತೇಲಿಬಿಟ್ಟ. ಚೆಂದ ಕಂಡಿತು. ಬೀಗರು ಬಾಯಿಬಿಟ್ಟು ನೋಡಿದರು. ಸಾಹುಕಾರ ಅಷ್ಟರಮಟ್ಟಿಗೆ ಗೆದ್ದ, ಇಲ್ಲ ಎನ್ನುವುದಿಲ್ಲ.

ಬೆಳಗಿನ ಜಾವ. ಅಳಿಯನನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ನೆತ್ತಿಯಿಂದ ಪಾದದವರೆಗೆ ಎಣ್ಣೆ ಹಚ್ಚಿದರು. ಬೀಗರಿಗೆ ಎಣ್ಣೆ, ಬೀಗಿತ್ತಿಗೆ ಎಣ್ಣೆ, ಮಕ್ಕಳಿಗೆಲ್ಲ ಎಣ್ಣೆ. ಸಾಹುಕಾರನಿಗೂ ಎಣ್ಣೆ. ತಲೆಗೆ ಸೀಗೆಪುಡಿ ತಿಕ್ಕಿಕೊಂಡರು. ಕೊಳದ ಮೇಲೆ ಹಬೆ ಏಳುತ್ತಿತ್ತು. ಆಹಾ, ಬಿಸಿಯಾಗಿದೆ ಎಂದುಕೊಂಡರು. ಅಯ್ಯೋ ಮಂಕೇ, ಅದು ಬಿಸಿ ಎದ್ದು ಹೊರಟುಹೋಗುತ್ತಿದ್ದುದು! ರಾತ್ರಿಯಿಡೀ ಹೊದಿಕೆ ಇಲ್ಲದೆ ಬಿಟ್ಟ ನೀರು ಉಗುರುಬೆಚ್ಚಗಷ್ಟೇ ಉಳಿದಿತ್ತು. ಅದರೊಳಗೆ ಅಷ್ಟೂ ಜನ ಎಣ್ಣೆ ಮೈಯಲ್ಲಿ ಇಳಿದರು.

ಸೋಸುವ ಯಂತ್ರ ಎಂದೆನಲ್ಲ, ಅದು ಎಲೆ ಕಸ ಹಿಡಿಯಲು ಇರುವುದು. ಒಂದು ಬಳಗದ ಎಣ್ಣೆ, ಸೀಗೆಪುಡಿ, ಹಿಂಡಲೆ ಎಲೆ ಎಲ್ಲ ಒಟ್ಟಿಗೆ ಹೋಗಿ ಕೂತರೆ ಅದು ಏನು ಮಾಡೀತು? ಉಸಿರುಕಟ್ಟಿತು. ಪಂಪು ಬಿಸಿಯಾಗಿ ಸುಟ್ಟ ವಾಸನೆ ಬಂತು, ಟಪ್ ಎಂದಿತು, ಇಡೀ ಮನೆಯ ಕರೆಂಟ್ ಹೋಯಿತು. ಕೊಳ ಕಾಯಿಸುವುದು ನಿಂತಿತು. ಗೀಸರೂ ಸತ್ತಿತು. ಹಬ್ಬದ ದಿನ ಲೈನ್‌ಮನ್ ಎಲ್ಲಿ ಸಿಗುತ್ತಾನೆ? ಅಡುಗೆಮನೆಯಲ್ಲಿ ಗ್ಯಾಸಿನ ಮೇಲೆ ಒಂದು ಪಾತ್ರೆ ನೀರಿಟ್ಟರು. ಅದು ಅಳಿಯನ ಒಂದು ಕಿವಿ ತೊಳೆಯುವುದಕ್ಕೂ ಸಾಲಲಿಲ್ಲ.

ನಿಮಗೆ ನಗು. ಪಾಪ, ಅವರ ಅವಸ್ಥೆ ನೋಡಿ. ಮೈಯೆಲ್ಲ ಜಿಡ್ಡು, ಕಣ್ಣಲ್ಲಿ ಸೀಗೆ ಉರಿ, ಹಲ್ಲು ಕಟಕಟ. ಮಕ್ಕಳು ಅಳುತ್ತಿವೆ. ಅಳಿಯ ನೀಲಿಗಟ್ಟಿ ನಿಂತಿದ್ದಾನೆ. ಬೀಗರಿಗೆ ಹಂಗಿಸುವಷ್ಟು ಶಕ್ತಿಯೂ ಉಳಿದಿರಲಿಲ್ಲ. ಕೈ ಮುಗಿಯುವ ಹಾಗೆ ಕೇಳಿದರು.

“ಬೀಗ್ರೇ... ಎಲ್ಲಾದ್ರೂ ಒಂದು ಬಕೆಟ್ ಬಿಸ್ನೀರು ಸಿಗತ್ತಾ?”

ಊರಲ್ಲೇ ಅತಿ ಹೆಚ್ಚು ನೀರಿದ್ದ ಮನೆ ಅದು. ಆ ಮನೆಯಲ್ಲಿ ಒಂದು ಬಕೆಟ್ ಬಿಸಿನೀರಿಲ್ಲ.

ಸಾಹುಕಾರ ಗುಡ್ಡದ ಕೆಳಗೆ ನೋಡಿದ. ಹಾಲಿನವಳ ಹಿತ್ತಲಿನಿಂದ ಹೊಗೆ ಏಳುತ್ತಿತ್ತು. ಬಕೆಟ್ ತೆಗೆದುಕೊಂಡ. ಎಣ್ಣೆ ಮೈಯಲ್ಲಿ, ಸೊಂಟಕ್ಕೆ ಟವಲು ಸುತ್ತಿಕೊಂಡು, ಜಾರುತ್ತ ಇಳಿದು ಹೋದ. ಅಲ್ಲಿ ಹಂಡೆ ಕೂತಿತ್ತು, ಮಸಿ ಹಿಡಿದು, ಕೊರಳಿಗೆ ಒಂದು ತುಂಡು ಬಳ್ಳಿ ಕಟ್ಟಿಸಿಕೊಂಡು. ಓಣಿಯ ಜನ ಪಾತ್ರೆ ಹಿಡಿದು ಸಾಲಾಗಿ ನಿಂತಿದ್ದರು. ಹಬ್ಬದ ಬೆಳಿಗ್ಗೆಯಲ್ಲವೇ? ಅಕ್ಕ ಒಲೆಯ ಮುಂದೆ ಕೂತು ತೋಡಿ ತೋಡಿ ಹಾಕುತ್ತಿದ್ದಳು. ಸಾಹುಕಾರ ಸಾಲಿನ ಕೊನೆಯಲ್ಲಿ ನಿಂತ. ಯಾರೂ ನಗಲಿಲ್ಲ. ಅದೇ ಅವನಿಗೆ ಹೆಚ್ಚು ಕಷ್ಟವಾಯಿತು.

ಅವನ ಸರದಿ ಬಂತು. ಅಕ್ಕ ತಲೆ ಎತ್ತಿ ನೋಡಿದಳು. ಬೈದಳೇ? ಇಲ್ಲ. ಬಕೆಟ್ ಪಕ್ಕಕ್ಕಿಟ್ಟು, “ಕೂತ್ಕೊ ಕಲ್ಲಿನ್ ಮೇಲೆ. ಕಣ್ಣು ಮುಚ್ಕೊ, ಸೀಗೆಪುಡಿ ಹೋಗ್ತದೆ” ಎಂದಳು. ಚಿಕ್ಕವನಿದ್ದಾಗ ಎರೆದ ಹಾಗೆ ಚೆಂಬು ಚೆಂಬಾಗಿ ನೆತ್ತಿಯ ಮೇಲೆ ಎರೆದಳು. ಸಾಹುಕಾರ ಅಳುತ್ತಿದ್ದ. ನೀರಿನಲ್ಲಿ ಯಾರಿಗೂ ಕಾಣಲಿಲ್ಲ, ಅವಳಿಗೆ ಗೊತ್ತಾಯಿತು.

“ಅಕ್ಕ, ಮನೆಗ್ ಬಾ ಅಕ್ಕ.”

“ಎಲ್ಲಿಗಪ್ಪ ಬರ್ಲಿ? ನಾನಿದ್ದ ಜಾಗ್ದಲ್ಲಿ ನೀರು ನಿಲ್ಲಿಸ್ಬಿಟ್ಟಿದೀಯಲ್ಲೊ.”

ಅಷ್ಟೇ ಅಂದದ್ದು. ಸಿಟ್ಟಿಲ್ಲ, ಕೊಂಕಿಲ್ಲ. ಬಕೆಟ್ ತುಂಬಿ ಕೊಟ್ಟಳು. “ಮೊದ್ಲು ಮಕ್ಳಿಗ್ ಹುಯ್ಯಿ. ಆಮೇಲೆ ಅವ್ರನ್ನೆಲ್ಲ ಇಲ್ಲಿಗೇ ಕಳ್ಸು, ಬೇಕಾದಷ್ಟದೆ” ಎಂದಳು. ಬೀಗರ ಬಳಗ, ಅಳಿಯ ಸಮೇತ, ಹಾಲಿನವಳ ಹಿತ್ತಲಲ್ಲಿ ಸ್ನಾನ ಮಾಡಿ ಹಬ್ಬ ಮಾಡಿತು.

ಆಮೇಲೆ ಅವನು ಕೊಳ ಮುಚ್ಚಿಸಿದ, ಅಕ್ಕನನ್ನು ಕರೆತಂದ, ಎಲ್ಲರೂ ಸುಖವಾಗಿದ್ದರು ಎಂದು ಹೇಳಲಿ ಎಂದು ಕಾಯುತ್ತಿದ್ದೀರಿ. ಹಾಗೆ ಹೇಳಿದರೆ ನಿಮಗೆ ಸಮಾಧಾನ, ಎದ್ದು ಊಟಕ್ಕೆ ಹೋಗಬಹುದು. ಹಾಗೆ ಆಗಲಿಲ್ಲ. ಎರಡು ಗೋಡೆ ಕಟ್ಟಿದ ಹಳ್ಳವನ್ನು ಮುಚ್ಚುವುದು ಸುಲಭವಲ್ಲ. ಇವತ್ತಿಗೂ ಇದೆಯಂತೆ, ಪಾಚಿ ಕಟ್ಟಿ, ಕಪ್ಪೆ ಸಂಸಾರ ಮಾಡಿಕೊಂಡು. ಅಕ್ಕ ಹೋಗಲಿಲ್ಲ. ಸಾಹುಕಾರನೇ ದಿನಾ ಬೆಳಿಗ್ಗೆ ಗುಡ್ಡ ಇಳಿದು ಬಂದು ಒಲೆಗೆ ಸೌದೆ ಹಾಕಿ ಹೋಗುತ್ತಾನಂತೆ. ಅಷ್ಟು ಸಿಕ್ಕಿತು ಅವನಿಗೆ, ಅಷ್ಟೇ ಸಿಕ್ಕಿತು. ಚಳಿಯೂರಿನಲ್ಲಿ ಈಜುಕೊಳಕ್ಕೆ ಎಷ್ಟು ಖರ್ಚು ಎಂದು ಈಗ ಹೇಳಿ ನೋಡೋಣ.

ನಮ್ಮಲ್ಲಿ ಯಾರ ಮನೆಯಲ್ಲೂ ಈಜುಕೊಳವಿಲ್ಲ ಬುದ್ಧಿ ಎನ್ನುತ್ತೀರಿ. ಹೌದಾ? ಬಂದವರಿಗೆ ತೋರಿಸಲೆಂದು ನಡುಮನೆ ದೊಡ್ಡದು ಮಾಡಿಸಿ, ಅತ್ತೆ ಕೂತು ಸೊಪ್ಪು ಬಿಡಿಸುತ್ತಿದ್ದ ಪಡಸಾಲೆ ತೆಗೆಸಿದವರು ಇಲ್ಲಿ ಕೂತಿಲ್ಲವೇ? ಕಾರು ನಿಲ್ಲಿಸಲೆಂದು ಅಪ್ಪ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ಜಗುಲಿ ಒಡೆಸಿದವರು? ನಾನು ಹೆಸರು ಹೇಳುವುದಿಲ್ಲ, ತಲೆ ತಗ್ಗಿಸಿದವರು ಕಾಣುತ್ತಿದ್ದಾರೆ. ಮನೆ ಕಟ್ಟಿ, ಬೇಡ ಎಂದವರು ಯಾರು? ಆದರೆ ಒಂದು ಗೋಡೆ ಕೆಡವುವ ಮೊದಲು, ಅಲ್ಲಿ ದಿನಾ ಕೂರುವವರ ಪಕ್ಕ ಹೋಗಿ ಒಂದು ಗಳಿಗೆ ಕೂತುಕೊಳ್ಳಿ. ಇಲ್ಲಿ ನಿನಗೆ ಏನು ಇಷ್ಟ ಎಂದು ಕೇಳಿ. ಕೇಳಿ, ಪೂರ್ತಿ ಕೇಳಿಸಿಕೊಳ್ಳಿ, ನಡುವೆ ಬಾಯಿ ಹಾಕಿ ಗೀಸರ್ ಇದೆಯಲ್ಲ ಎನ್ನಬೇಡಿ. ನಾಳೆ ಬೆಳಿಗ್ಗೆ ನಿಮಗಿಂತ ಮೊದಲು ಎದ್ದು ಒಲೆ ಹಚ್ಚುವವರು ಯಾರೋ, ಅವರಿಗಿಂತ ಮೊದಲು ನೀವು ಒಂದು ದಿನ ಏಳಿ. ನೀರು ಕಾಯಿಸಿ ಅವರ ಕಾಲಿಗೆ ಹುಯ್ಯಿರಿ. ಸಾಧ್ಯವಿಲ್ಲವೇ? ಚಳಿಯೇ? ಅವರಿಗೂ ಚಳಿಯೇ.

ಇನ್ನು ಮುಂದಿನ ಸಾಲಿನವರಿಗೆ. ಮರುಳಸಿದ್ದಪ್ಪನವರೇ, ನೀವು ಈ ಮಠದ ಸಮಿತಿಗೆ ಅಧ್ಯಕ್ಷರು, ಶ್ರದ್ಧೆ ಇರುವವರು. ಬಣ್ಣದ ದೀಪದ ಕಾರಂಜಿಯ ನಕ್ಷೆ ತಂದುಕೊಟ್ಟಿದ್ದೀರಿ, ಆಶೀರ್ವಾದ ಮಾಡಿ ಎಂದು. ಬೇರೆ ಮಠದಲ್ಲಿ ಬಂದಿದೆ, ನಮ್ಮಲ್ಲಿ ಎಲ್ಲಿ ಬರಬೇಕು ಎಂದು ಯಾರೋ ಅಂದರಂತೆ. ಜಾಗ ಎಲ್ಲಿ ಗುರುತು ಮಾಡಿದ್ದೀರಿ? ಹಿಂದಿನ ಬಿಸಿನೀರಿನ ಮನೆಯ ಮೇಲೆ. ರಾತ್ರಿ ಬೆಟ್ಟ ಹತ್ತಿ ಬಂದ ಯಾತ್ರಿಕರು ಬೆಳಿಗ್ಗೆ ಕಾಲು ತೊಳೆಯುವ ಜಾಗದ ಮೇಲೆ. ನೀವೂ ಅಲ್ಲೇ ತೊಳೆಯುತ್ತೀರಿ, ನಿಮ್ಮ ತಂದೆಯವರೂ ಅಲ್ಲೇ ತೊಳೆಯುತ್ತಿದ್ದರು.

ಒಂದು ಕೇಳುತ್ತೇನೆ. ಅಲ್ಲಿ ಒಲೆಯ ಮುಂದೆ ಒಬ್ಬಳು ತಾಯಿ ಕೂತಿರುತ್ತಾಳೆ. ನಿಮ್ಮ ಚೆಂಬಿಗೆ ನೀರು ತೋಡಿ ಹಾಕುತ್ತಾಳೆ. ಅವಳ ಹೆಸರೇನು?

ಹೇಳಿ ಮರುಳಸಿದ್ದಪ್ಪನವರೇ. ನಾನು ಕಾಯುತ್ತೇನೆ.

ಪಕ್ಕದವರನ್ನು ಕೇಳಬೇಡಿ, ಅವರಿಗೂ ಗೊತ್ತಿಲ್ಲ. ಈ ಸಭೆಯಲ್ಲಿ ಗೊತ್ತಿರುವವರು ಯಾರಾದರೂ ಇದ್ದೀರಾ? ಇಷ್ಟು ಜನ, ಇಷ್ಟು ವರ್ಷ, ಇಷ್ಟು ನೀರು.

ನಾನು ಹೇಳುವುದಿಲ್ಲ. ನನಗೆ ದಣಿವಾಗಿದೆ, ಇನ್ನು ಮಾತೂ ಬೇಡ. ನಕ್ಷೆ ಈ ಪೀಠದ ಮೇಲೇ ಇರುತ್ತದೆ. ದಾಸೋಹದಲ್ಲಿ ಎಲೆ ಹಾಕುತ್ತಿದ್ದಾರೆ, ಆದರೆ ಇವತ್ತು ಯಾರೂ ನೆಟ್ಟಗೆ ಊಟಕ್ಕೆ ಹೋಗುವಂತಿಲ್ಲ. ಹಿಂದಿನ ಬಾಗಿಲಿನಿಂದ ಹೋಗಿ. ಮರುಳಸಿದ್ದಪ್ಪನವರು ಮೊದಲು. ಕಾಲು ತೊಳೆಯಿರಿ, ಆ ತಾಯಿಯ ಹೆಸರು ಕೇಳಿಕೊಳ್ಳಿ. ಆಮೇಲೆ ಊಟ.